ಅತ್ತೆ ಹಾಕಿಸಿದ ಎಣ್ಣಿ ಬ್ರೇಕು

ಎರಡು ಗೋಣಿಚೀಲಗಳನ್ನು ಮಡಿಸಿ ಅಡಿಗೆ ಹಾಕಿಕೊಳ್ಳದಿದ್ದರೆ ನಮ್ಮ ಅತ್ತೆಗೆ ಪಿಕಪ್ಪಿನ ಸ್ಟೇರಿಂಗಿನ ಮೇಲಿಂದ ರಸ್ತೆಯೇ ಕಾಣುತ್ತಿರಲಿಲ್ಲ. ಹಾಗೆ ಕೂತಾಗಲೂ ಹೊರಗಿನವರಿಗೆ ಕಾಣುತ್ತಿದ್ದದ್ದು ಆಕೆಯ ವಿಭೂತಿ ಹಚ್ಚಿದ ಹಣೆ, ಸ್ಟೇರಿಂಗ್ ಹಿಡಿದ ಬಳೆಗೈ, ಅಷ್ಟೇ. ಒಮ್ಮೆ ಸಿಂಧನೂರಿನ ಸರ್ಕಲ್ಲಿನಲ್ಲಿ ಪೊಲೀಸಿನವನೊಬ್ಬ ಗಾಡಿ ತಡೆದು, “ಡ್ರೈವರ್ ಎಲ್ಲಿ ಹೋಗ್ಯಾನ?” ಎಂದು ಕೇಳಿದ್ದ. “ಹೋಗಿಲ್ಲರಿ, ಇಲ್ಲೇ ಕುಂತಾಳ” ಎಂದಿದ್ದಳು ಅತ್ತೆ.

ಆಕೆ ನಮ್ಮಪ್ಪನ ತಂಗಿ. ತುರ್ವಿಹಾಳದಲ್ಲಿ ನನಗೆ ಟೀಚರ್ ಕೆಲಸ ಸಿಕ್ಕ ಮೇಲೆ ನಾನು ಮಸ್ಕಿಯಲ್ಲಿ ಅವಳ ಮನೆಯಲ್ಲೇ ಉಳಿದೆ. ಪಿಕಪ್ ಮೊದಲು ಮಾವನದು. ಸಕ್ಕರೆ ಕಾಯಿಲೆ ಅವರ ಕಣ್ಣುಗಳನ್ನು ತೆಗೆದುಕೊಂಡಿತು. ಗಾಡಿ ಮಾರಿಬಿಡೋಣ ಎಂದು ಅವರು ಅಂದಾಗ ಅತ್ತೆ, “ಮೊದ್ಲು ನನಗ ಕಲಿಸ್ರಿ, ಆಮ್ಯಾಲ ಮಾರೋದು ನೋಡೂನು” ಎಂದಳಂತೆ. ಕಣ್ಣು ಕಾಣದ ಮಾವ ಪಕ್ಕದಲ್ಲಿ ಕೂತು ಇಂಜಿನ್ನಿನ ಸದ್ದು ಕೇಳಿಸಿಕೊಂಡೇ ಗೇರು ಹೇಳಿಕೊಟ್ಟರು. ಮುಂದೆ ಅವರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಗಾಡಿ ಬಸ್‌ಸ್ಟ್ಯಾಂಡ್ ದಾಟುವಾಗಲೇ, “ಬಂದ್ಲು. ಚಾಕ್ಕ ಇಡು” ಎನ್ನುತ್ತಿದ್ದರು ನನಗೆ.

ಕಾಲುವೆಗೆ ನೀರು ಬಿಟ್ಟರೆ ನಾಟಿ ಶುರು. ಮಸ್ಕಿಯ ಒಣ ಸೀಮೆಯ ಹೆಣ್ಣುಮಕ್ಕಳು ಕೂಲಿಗೆ ಗದ್ದೆ ಸೀಮೆಗೆ ಹೋಗಬೇಕು. ಗದ್ದೆಯವರೆಗೆ ಬಸ್ಸು ಹೋಗುವುದಿಲ್ಲ. ಸರಕಿನ ಗಾಡಿಯಲ್ಲಿ ಮಂದಿ ಕೂಡಿಸಬಾರದೆಂಬುದು ಅತ್ತೆಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬೆಳಗ್ಗೆ ಒಬ್ಬ ಮುದುಕಿಯೂ ಸೇರಿ ಅವರೆಲ್ಲ ಹಿಂದೆ, ನಾನು ಮುಂದೆ. ಯಾರಾದರೂ ನಿಂತಿದ್ದರೆ ಅತ್ತೆ ಗಾಡಿ ಬಿಡುತ್ತಿರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, “ಕುಂದರ್ಬೇ! ಓಡೋದು ಇಂಜಿನ್ನಿನ ಕೆಲಸ, ನಿಂದ್ರಿಸೋದು ನನ್ನ ಕೆಲಸ. ನನಗ ನಿಂದ್ರಿಸಾಕ ಬಿಡ್ರಿ” ಎಂದು ಒದರುತ್ತಿದ್ದಳು.

ಆ ನಿಲ್ಲಿಸುವ ಕೆಲಸವೇ ಅವಳಿಗೆ ಕಷ್ಟವಾಗಿತ್ತು. ಹಿಂದೊಮ್ಮೆ ನೆಲ್ಲಿನ ಚೀಲ ಇಳಿಸುವಾಗ ಹಲಗೆಯಿಂದ ಜಾರಿ ಬಿದ್ದು ಬಲ ಮೊಣಕಾಲಿನ ಚಿಪ್ಪು ಒಡೆದಿತ್ತು. ಕಾಲು ಮಡಚುತ್ತಿತ್ತು, ಶಕ್ತಿ ಇರಲಿಲ್ಲ. ಆ ಹಳೆಯ ಗಾಡಿಯ ಬ್ರೇಕಿಗೆ ಗಾಳಿಯ ಸೆಳೆತದ ಬಲ. ಇಂಜಿನ್ ಓಡುತ್ತಿರುವಾಗ ಪೆಡಲನ್ನು ಮೆಲ್ಲಗೆ ಒತ್ತಿದರೆ ಸಾಕು, ಉಳಿದದ್ದನ್ನು ಆ ಸೆಳೆತ ಮಾಡುತ್ತದೆ. ಅದು ಕೈಕೊಟ್ಟರೆ ಪೆಡಲ್ ಕಲ್ಲಾಗುತ್ತದೆ.

ಗೊರೇಬಾಳದ ಹತ್ತಿರ ಅದು ಕಲ್ಲಾಯಿತು. ಸೇತುವೆಯ ಇಳಿಜಾರಿನಲ್ಲಿ ಅತ್ತೆ ಎರಡೂ ಕಾಲು ಪೆಡಲಿನ ಮೇಲಿಟ್ಟು ಸೀಟಿನಿಂದ ಎದ್ದೇ ನಿಂತಳು. ಮುಂದಿದ್ದ ಎತ್ತಿನ ಗಾಡಿಗೆ ಇನ್ನೇನು ತಾಗಬೇಕು ಎನ್ನುವಾಗ ಪಿಕಪ್ ನಿಂತಿತು. ಹಿಂದೆ ಕೂತವರಿಗೆ ಏನಾಯಿತೆಂಬುದೂ ಗೊತ್ತಾಗಲಿಲ್ಲ. ಅವರ ಹಾಡು ನಿಂತಿರಲಿಲ್ಲ. ಅತ್ತೆ ಮಾತ್ರ ಕೈಬ್ರೇಕ್ ಎಳೆದು, “ಇನ್ನ ಇದರ ಮ್ಯಾಲ ಭರೋಸ ಇಡಂಗಿಲ್ಲ” ಎಂದಳು.

ಲಿಂಗಸುಗೂರಿನಲ್ಲಿ ಒಬ್ಬ ಮಿಸ್ತ್ರಿ ಇದ್ದ. ಬ್ರೇಕಿಗೆ ಬಲ ಕೊಡುವ ಗಾಳಿ ಬೂಸ್ಟರ್ ಬಿಚ್ಚಿ, ದೊಡ್ಡ ಗಾಡಿಯೊಂದರ ಎಣ್ಣೆಯೊತ್ತಡದ ಬೂಸ್ಟರನ್ನು ಕೂಡಿಸಿಕೊಟ್ಟ. ಸ್ಟೇರಿಂಗ್ ಹಗುರ ಮಾಡುವ ಪಂಪಿನ ಎಣ್ಣೆಯೇ ಈಗ ಬ್ರೇಕಿಗೂ ಬಲ ಕೊಡುತ್ತಿತ್ತು. ಅತ್ತೆ ಒತ್ತಿ ನೋಡಿ ನಕ್ಕುಬಿಟ್ಟಳು. “ಕೂಸು ಒತ್ತಿದ್ರೂ ನಿಂದರ್ತೈತಲ್ಲೋ!”

ಮಿಸ್ತ್ರಿ ನಗಲಿಲ್ಲ. “ಅಕ್ಕಾರ, ಒಂದ್ ಮಾತು ನೆಪ್ಪಿಡ್ರಿ. ಈಗ ಸ್ಟೇರಿಂಗಿಗೂ ಬ್ರೇಕಿಗೂ ಒಂದೇ ಪಂಪು. ಅದನ್ನ ತಿರುಗಿಸೋ ಬೆಲ್ಟ್ ಹರೀತಂದ್ರ ಎರಡೂ ಒಮ್ಮೆಲೆ ಬಿಗೀತಾವ. ಬೂಸ್ಟರಿನ ಈ ಡಬ್ಬಿಯೊಳಗ ಒಂದೀಟು ಒತ್ತಡ ಉಳಿದಿರ್ತೈತಿ. ಒಂದೆರಡು ಸಲ ಒತ್ತಾಕ ಬರ್ತೈತಿ. ಅದು ಮುಗದ್ರ ಉಳಿಯೋದು ನಿಮ್ಮ ಕಾಲು, ನಿಮ್ಮ ದೇವ್ರು.”

ಅಂದಿನಿಂದ ಅತ್ತೆ ಅಭ್ಯಾಸಕ್ಕೆ ಬಿದ್ದಳು. ನೆಲ್ಲು ಒಣಗಿಸುವ ಖಾಲಿ ಕಣದಲ್ಲಿ ಗಾಡಿ ಓಡಿಸಿ, ನಡುವೆ ಇಂಜಿನ್ ಬಂದ್ ಮಾಡಿ, ಒಮ್ಮೆ ಒತ್ತಿ ಹಿಡಿಯುತ್ತಿದ್ದಳು. “ಬಿಟ್ಟು ಬಿಟ್ಟು ಒತ್ತಿದ್ರ ಕೆಟ್ಟೆ. ಒಮ್ಮಿ ಒತ್ತಬೇಕು, ಎತ್ತಬಾರದು” ಎಂದು ನನಗೇ ಪಾಠ ಹೇಳುತ್ತಿದ್ದಳು. ಕತ್ತಿನ ನರ ಉಬ್ಬಿರುತ್ತಿತ್ತು. ನಾನು ಗಾಡಿಯಿಂದ ಇಳಿದು ದೂರ ನಿಲ್ಲುತ್ತಿದ್ದೆ. ನನಗೆ ಅದು ನೋಡಲಾಗುತ್ತಿರಲಿಲ್ಲ.

ಸೀಟಿಯಂಥ ಸದ್ದನ್ನು ಮೊದಲು ಕೇಳಿಸಿಕೊಂಡವರು ಮಾವ. ಒಂದು ಸಂಜೆ ಗಾಡಿ ಬಂದು ನಿಂತಾಗ ಅವರು ಎದ್ದುನಿಂತಿದ್ದರು. “ಬೆಲ್ಟ್ ಅಳಾಕತ್ತೈತಿ. ನಿನಗ ಕೇಳಂಗಿಲ್ಲೇನು?”

ನನಗೇನೂ ಕೇಳಿಸಿರಲಿಲ್ಲ. ಎರಡು ದಿನ ಕಳೆದ ಮೇಲೆ ನನಗೂ ಕೇಳಿಸತೊಡಗಿತು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗೆಲ್ಲ ಸಣ್ಣಗೆ, ಯಾರೋ ಹಲ್ಲುಸಂದಿಯಲ್ಲಿ ಉಸಿರೆಳೆದ ಹಾಗೆ. ಅತ್ತೆ ಲಿಂಗಸುಗೂರಿಗೆ ಹೋಗಿ ಬಿಗಿ ಮಾಡಿಸಿಕೊಂಡು ಬಂದಳು. ಆ ಅಳತೆಯ ಹೊಸ ಬೆಲ್ಟು ರಾಯಚೂರಿನಿಂದ ಬರಬೇಕಿತ್ತು.

“ಬರೋತನಕ ಗಾಡಿ ತಗೀಬ್ಯಾಡ” ಎಂದರು ಮಾವ.

“ನೀರು ಬಿಟ್ಟಾರ. ಸಸಿ ಕಾಯ್ತಾವೇನು? ಆ ಹೆಣ್ಣುಮಕ್ಕಳಿಗೆ ವರ್ಷದಾಗ ಇದೊಂದು ಸುಗ್ಗಿ.”

ಬೆಳಿಗ್ಗೆ ಗಾಡಿ ಹೊರಡುವಾಗ ಮಾವ ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಅತ್ತೆ ಹಾರ್ನ್ ಹೊಡೆದ ಮೇಲೆಯೇ ಸರಿದರು.

ಅಂದು ಕಾಲುವೆ ದಂಡೆಯ ಮೇಲೆ ಹೊರಟಿದ್ದೆವು. ಬಲಕ್ಕೆ ಗದ್ದೆ, ಎಡಕ್ಕೆ ತುಂಬಿ ಹರಿಯುವ ಕೆಂಪು ನೀರು. ಎದುರಿಗೆ ಸಸಿ ಹೇರಿಕೊಂಡ ಟ್ರ್ಯಾಕ್ಟರ್ ಬಂತು. ಇಬ್ಬರಿಗೂ ಜಾಗ ಸಾಲದು. ಅತ್ತೆ ಕಾಲುವೆಯ ಕಡೆ ಸ್ವಲ್ಪ ಸರಿದು, ಮತ್ತೆ ದಾರಿಗೆ ತಿರುಗಿಸಬೇಕು, ಆಗ ಬಾನೆಟ್ಟಿನೊಳಗೆ ‘ಪಟ್’ ಎಂದಿತು. ಸೀಟಿಯ ಸದ್ದು ನಿಂತುಹೋಯಿತು. ಸ್ಟೇರಿಂಗ್ ಅವಳ ಕೈಗೆ ಬಾರದೆ ಹಾಗೇ ಬಿಗಿದುಕೊಂಡಿತು.

ಅತ್ತೆ ಒಮ್ಮೆ ಒತ್ತಿದಳು. ಎತ್ತಲಿಲ್ಲ.

ಗಾಡಿ ನಿಂತಿತು. ಆದರೆ ಮುಂದಿನ ಗಾಲಿಗಳು ದಂಡೆ ದಾಟಿ ಇಳಿಜಾರಿನ ಹಸಿ ಮಣ್ಣಿನ ಮೇಲಿದ್ದವು. ಗಾಜಿನ ತುಂಬ ನೀರೇ ಕಾಣುತ್ತಿತ್ತು. ಕೈಬ್ರೇಕ್ ಎಳೆದಳು, ಇಂಜಿನ್ ಬಂದ್ ಮಾಡಿ ರಿವರ್ಸ್ ಗೇರಿಗೆ ಹಾಕಿದಳು. ಅವೆರಡೂ ಹಿಡಿಯುವುದು ಹಿಂದಿನ ಗಾಲಿಗಳನ್ನು. ಆ ಗಾಲಿಗಳು ನೆಲಕ್ಕೆ ಕಚ್ಚಿಕೊಂಡಿದ್ದದ್ದು ಹಿಂದೆ ಕೂತವರ ಭಾರಕ್ಕೆ. ಮುಂದಿನ ಗಾಲಿಗಳನ್ನು ಹಿಡಿದಿದ್ದದ್ದು ಅತ್ತೆಯ ಕಾಲೊಂದೇ.

“ಯಾರೂ ಜಿಗೀಬ್ಯಾಡ್ರಿ” ಎಂದಳು, ತಿರುಗಿ ನೋಡದೆ. “ಒಬ್ಬೊಬ್ಬರಾಗಿ ಹಿಂದಿಂದ ಸಾವಕಾಶ ಇಳೀರಿ.”

ಇಬ್ಬರು ಮೂವರು ಇಳಿದಂತೆ ಗಾಡಿಯ ಮೂತಿ ಇನ್ನಷ್ಟು ತಗ್ಗಿತು. ಹಿಂದಿನಿಂದ ಒಬ್ಬಾಕೆ ಕೂಗಿದಳು: “ಅಕ್ಕಾ, ನಾವು ಇಳಿದಂಗ ಗಾಡಿ ಹಿಂದ ಮ್ಯಾಲ ಏಳಾಕತ್ತೈತಿ! ನಾವು ಇಳಿಯಂಗಿಲ್ಲ.”

“ಇಳೀ ಅಂದ್ನೆಲ್ಲ!” ಅತ್ತೆಯ ದನಿ ಎಂದಿನ ಗದರಿಕೆಯದೇ. “ಭಾರ ನನಗ ಬಿಡು.”

ಅವಳ ಬಲ ಮೊಣಕಾಲು ಸೀರೆಯೊಳಗೇ ನಡುಗುತ್ತಿತ್ತು. ನಾನು ಅದರ ಮೇಲೆ ನನ್ನ ಎರಡೂ ಕೈ ಇಟ್ಟು ಒತ್ತಿಹಿಡಿದೆ. ಅವಳು ನನ್ನ ಕೈ ಸರಿಸಿದಳು.

“ನೀನೂ ಇಳಿ.”

“ನೀನೂ ಬಾ ಅತ್ತಿ.”

“ಕಾಲು ಎತ್ತಿದ್ರ ಗಾಡಿ ಹೋಗ್ತೈತಿ. ಮುದುಕಿ ಇನ್ನಾ ಹಿಂದದಾಳ. ಇಳಿಯವ್ವಾ, ಜಲ್ದಿ.”

ಬಾಗಿಲು ತೆರೆದು ದಂಡೆಗೆ ಅಂಟಿಕೊಂಡು ಮೇಲೇರಿದೆ. ಹೆಣ್ಣುಮಕ್ಕಳೆಲ್ಲ ಹಿಂಬದಿಯ ಹಲಗೆಯನ್ನು ಹಿಡಿದು ಜಗ್ಗುತ್ತಿದ್ದರು. ಕೆಸರಿನಲ್ಲಿ ಅವರ ಕಾಲುಗಳೇ ಜಾರುತ್ತಿದ್ದವು. ಮುದುಕಿಯನ್ನು ಎತ್ತಿ ಇಳಿಸಿದೆವು. ಟ್ರ್ಯಾಕ್ಟರಿನವನು ಹಗ್ಗ ಹಿಡಿದು ಓಡಿಬಂದ. ಅತ್ತೆ ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದಳು. ಯಾರೂ ಉಳಿದಿಲ್ಲ ಎಂಬುದನ್ನು ನೋಡಿಕೊಂಡಳು. “ಜಿಗಿಯಕ್ಕಾ!” ಎಂದು ಎಲ್ಲರೂ ಚೀರಿದೆವು. ಅವಳು ಬಾಗಿಲಿಗೆ ಕೈ ಹಾಕಿದ್ದನ್ನು ಕಂಡೆ. ಹಗ್ಗ ಇನ್ನೂ ಕೊಂಡಿಗೆ ಬಿದ್ದಿರಲಿಲ್ಲ. ಗಾಡಿ ನಮ್ಮ ಕೈಗಳಿಂದ ಕಿತ್ತುಕೊಂಡು ಹೋಯಿತು.

ಗದ್ದೆಗಳಿಂದ ಓಡಿಬಂದ ಗಂಡಸರು ನೀರಿಗೆ ಬಿದ್ದರು, ಈಜಿದರು. ಅತ್ತೆ ಸಿಕ್ಕಿದ್ದು ಕೆಳಗೆ, ತೂಬಿನ ಹತ್ತಿರ.

ಈಗ ನಾನು ತುರ್ವಿಹಾಳಕ್ಕೆ ಬಸ್ಸಿಗೆ ಹೋಗುತ್ತೇನೆ. ಆ ಹೆಣ್ಣುಮಕ್ಕಳಲ್ಲಿ ಒಬ್ಬಾಕೆಗೆ ಆಮೇಲೆ ಮಗಳು ಹುಟ್ಟಿದಳು; ಅಂದು ಅವಳು ಬಸುರಿ ಎಂದು ಅವಳಿಗೂ ಗೊತ್ತಿರಲಿಲ್ಲವಂತೆ. ಇನ್ನು ನಾನು. ಉಣ್ಣುವಾಗ, ಪಾಠ ಮಾಡುವಾಗ, ಸುಮ್ಮನೆ ನಗುವಾಗ ಕೂಡ ಇದು ಅತ್ತೆ ಕೊಟ್ಟದ್ದು ಎಂಬುದು ನೆನಪಾಗುತ್ತದೆ. ಹಿಂದಿರುಗಿಸಲು ದಾರಿಯಿಲ್ಲ.

ಆ ಸಂಜೆ ಮಣ್ಣು ಮಾಡಿ ಬಂದ ಮೇಲೆ ಮನೆಯ ತುಂಬ ಮಂದಿ ಇದ್ದರು. ಮಾವ ನನ್ನ ಹೆಜ್ಜೆ ಗುರುತಿಸಿ ಹತ್ತಿರ ಕರೆದರು.

“ಬ್ರೇಕ್ ಹಿಡೀತೇನು?”

“ಹಿಡೀತ್ರಿ ಮಾವಾ.”

“ಎಲ್ಲಾರೂ ಇಳಿದ್ರೇನು?”

“ಇಳಿದ್ರು. ನಾನೂ ಇಳಿದೆ.”

ಅವರು ತಲೆಯಾಡಿಸಿದರು. ಆಮೇಲೆ ತಡಕಾಡಿ ನನ್ನ ಕೈ ಹಿಡಿದು ಹೇಳಿದರು: “ಹೋಗವ್ವಾ, ಒಂದು ತುತ್ತು ಉಣ್ಣು. ಮುಂಜಾನಿಂದ ಏನೂ ತಿಂದಿಲ್ಲ ನೀ.”