ಉಡಿ ತುಂಬಿಸಿಕೊಂಡು ನಮ್ಮ ಮನೆಗೆ ಬಂದವಳು

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಬುದ್ಧಿ ಹೇಳುವವರಿಗೆಲ್ಲ, ನಮ್ಮ ಕಾಕಾನ ಮಗಳ ಪಕ್ಕದಲ್ಲಿ ಒಂದು ಆಷಾಢ ಕಳೆದು ನೋಡಿ ಎನ್ನುತ್ತೇನೆ.

ನಾವಿಬ್ಬರೂ ಒಂದೇ ವಯಸ್ಸಿನವರು, ಗೋವಾದ ಫೋಂಡಾದಲ್ಲಿ ಒಂದೇ ಸಾಲಿನ ಬಾಡಿಗೆ ಮನೆಗಳಲ್ಲಿ ಬೆಳೆದವರು. ವಿಜಯಪುರದ ಕಡೆಯಿಂದ ಬಂದ ಅಣ್ಣತಮ್ಮಂದಿರಲ್ಲಿ ನಮ್ಮಪ್ಪ ಗೌಂಡಿಯಾದ, ಕಾಕಾ ಟೆಂಪೊ ಕೊಂಡ. ಹನ್ನೆರಡನೆಯ ತರಗತಿಯಲ್ಲಿ ನನಗೆ ಅವಳಿಗಿಂತ ಹೆಚ್ಚು ಅಂಕ ಬಂದಿದ್ದವು. ಇದನ್ನು ನಾನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಆ ಬೇಸಿಗೆಯಲ್ಲೇ ಅಪ್ಪ ಕಟ್ಟಡದಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ.

"ಒಂದ ವರ್ಷ ಕೆಲಸಕ್ಕ ಹೋಗವ್ವಾ, ಆಮ್ಯಾಲೆ ಕಾಲೇಜ ಸೇರಿಯಂತ" ಎಂದಳು ಅವ್ವ. ನಾನು ಕುಂಡಯಿಯ ಔಷಧ ಕಾರ್ಖಾನೆಯಲ್ಲಿ ಗುಳಿಗೆ ಡಬ್ಬಿಗೆ ತುಂಬುವ ಕೆಲಸಕ್ಕೆ ಸೇರಿದೆ. ಆ ಒಂದು ವರ್ಷ ಇನ್ನೂ ಮುಗಿದಿಲ್ಲ.

ಕಾಕಾನ ಮಗಳು ಪಣಜಿಯ ಕಾಲೇಜು ಸೇರಿದಳು. ವಿಲಾಯತಿನ ವಿಶ್ವವಿದ್ಯಾಲಯವೊಂದು ಅಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ ನಡೆಸುತ್ತಿತ್ತು. ಎರಡು ವರ್ಷ ಪಣಜಿಯಲ್ಲಿ, ಕೊನೆಯ ವರ್ಷ ವಿಲಾಯತಿನಲ್ಲಿ. ಕಪ್ಪು ಕೋಟು ಹಾಕಿಕೊಂಡು ಅವಳು ಬಸ್ಸಿಗೆ ಕಾಯುವ ಜಾಗದಲ್ಲೇ ನಾನೂ ಕಾರ್ಖಾನೆಯ ಬಸ್ಸಿಗೆ ಕಾಯುತ್ತಿದ್ದೆ. ಅವಳ ಬಸ್ಸು ಕೆಟ್ಟು ನಿಲ್ಲಲಿ ಎಂದು ದೇವರನ್ನು ಬೇಡಿಕೊಂಡದ್ದೂ ಉಂಟು.

ಅವಳು ವಿಮಾನ ಹತ್ತುವ ದಿನ ಆಷಾಢದಲ್ಲಿ ಬಿತ್ತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇದನ್ನು ಕೇಳಿ ಊಟವನ್ನೇ ಬಿಟ್ಟಳು.

"ಆಷಾಢದಾಗ ಮನಿ ಮಗಳನ್ನ ಅಷ್ಟ ದೂರ ಕಳಸ್ತಾರೇನ? ಆಷಾಢ ಹತ್ತೂಕಿಂತ ಮೊದಲ ಉಡಿ ತುಂಬಿ ಹೊಸ್ತಿಲಾ ದಾಟಸ್ರಿ. ದೊಡ್ಡಪ್ಪನ ಮನ್ಯಾಗ ಇದ್ದು ಅಲ್ಲಿಂದನ ಹೋಗ್ಲಿ."

ಹಾಗೇ ಆಯಿತು. ಸಾಲಿನ ಹೆಂಗಸರೆಲ್ಲ ಸೇರಿ ಮಡಿಲಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದರು. ಅವಳು ಪೆಟ್ಟಿಗೆ ಸಮೇತ ನಮ್ಮ ಮನೆಗೆ ಬಂದಳು. ನಡುವೆ ಇದ್ದದ್ದು ಒಂದು ನಲ್ಲಿ ಮತ್ತು ಎರಡು ಬಾಗಿಲು. ಆದರೂ ಅವಳ ಅವ್ವ, ನಮ್ಮ ಕಾಕು, ಮಗಳನ್ನು ಆಗಲೇ ವಿಮಾನ ಹತ್ತಿಸಿದವಳಂತೆ ಅತ್ತಳು.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಅವಳಿಗೆ ಕಾಲೇಜಿನಿಂದ ಫೋನು ಬಂತು. ಹೊರದೇಶಗಳಲ್ಲಿ ನಡೆಸುತ್ತಿದ್ದ ಪದವಿಗಳನ್ನೆಲ್ಲ ಆ ವಿಶ್ವವಿದ್ಯಾಲಯ ಒಮ್ಮೆಲೇ ಮುಚ್ಚಿತ್ತು. ಕೊನೆಯ ವರ್ಷ ಇಲ್ಲ, ವಿಮಾನವೂ ಇಲ್ಲ. ಯಾಕೆ ಎಂದು ಕೇಳಿದರೆ ತಮಗೂ ನಿನ್ನೆಯಷ್ಟೇ ಗೊತ್ತಾಯಿತು ಎಂದರಂತೆ. ಅವಳು ಪೆಟ್ಟಿಗೆಯ ಮೇಲೆ ಕುಸಿದು ಕುಳಿತಳು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಅವತ್ತು ಕಾರ್ಖಾನೆಯಲ್ಲಿ ಕೈ ಚುರುಕಾಗಿ ಓಡಿತು.

ಸಂಜೆ ಮನೆಗೆ ಬಂದರೆ ಕಾಲಿಡಲು ಜಾಗವಿರಲಿಲ್ಲ. ಸಾಲಿಗೆ ಸಾಲೇ ಅವಳ ಸುತ್ತ ಕುಳಿತಿತ್ತು. ನಮ್ಮ ಬಾಡಿಗೆ ಎಷ್ಟೋ ಸಲ ತಡವಾದಾಗ ಮುಖ ತಿರುಗಿಸಿದ ಮನೆ ಮಾಲಕಿ, "ಬಾಪುಡ್ಲೆಂ, ಬಾಪುಡ್ಲೆಂ" ಎಂದು ಕೊಂಕಣಿಯಲ್ಲಿ ಮರುಗುತ್ತ ಅವಳ ಬೆನ್ನು ಸವರುತ್ತಿದ್ದಳು. ಕಾಕು ಮಗಳನ್ನು ಕರೆದುಕೊಂಡು ಹೋಗಲು ಎದ್ದರೆ ಆಯಿ ಅಡ್ಡಬಂದಳು.

"ಉಡಿ ತುಂಬಿ ಕಳಿಸಿದಾಕಿ ಎಲ್ಲಿಗೂ ಹೋಗದ ಹಂಗ ತಿರುಗಿ ಬರಬಾರದು. ಶ್ರಾವಣ ಹತ್ತಲಿ."

ಹೀಗೆ ಆಷಾಢ ಮುಗಿಯುವವರೆಗೆ ಅವಳು ನನ್ನ ಪಾಲಿಗೆ ಬಂದಳು. ಫ್ಯಾನು ಅವಳ ಕಡೆ ತಿರುಗಿತು. ಬಿಸಿರೊಟ್ಟಿ ಅವಳಿಗೆ, ಒಣಗಿದ ಕಟಕ ರೊಟ್ಟಿ ನನಗೆ. ಅವಳು ಉಣ್ಣದಿದ್ದರೆ ಅವ್ವ ತುತ್ತು ಮಾಡಿ ತಿನ್ನಿಸುತ್ತಿದ್ದಳು. ನಾನು ಪಾಳಿ ಮುಗಿಸಿ ಬಂದು ಉಂಡೆನೋ ಇಲ್ಲವೋ ಯಾರೂ ನೋಡಲಿಲ್ಲ. ಪದವಿಗೆ ಸೇರಿದಾಗ ಅವಳನ್ನು ಕಂಡು ಉರಿದಿದ್ದೆ, ಸರಿ. ಪದವಿ ಹೋದ ಮೇಲೂ ಉರಿಯಬೇಕಾದೀತೆಂದು ಯಾರಿಗೆ ಗೊತ್ತಿತ್ತು?

ಒಮ್ಮೆ ಅವಳೇ ಹೇಳಿದಳು, "ನಿಂದs ಚಲೋ ಐತಿ ನೋಡ. ಇಂಥಾ ಚಿಂತಿ ಏನೂ ಇಲ್ಲ ನಿನಗ." ನಾನು ಅವಳ ಜೊತೆ ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವಳಿಗೆ ಗೊತ್ತಾಗಲೇ ಇಲ್ಲ.

ಶ್ರಾವಣ ಹತ್ತಿರ ಬಂದಾಗ ಫೋಂಡಾದ ಒಂದು ಕಾಲೇಜು ಅವಳನ್ನು ಸೇರಿಸಿಕೊಳ್ಳಲು ಒಪ್ಪಿತು. ಅವ್ವ ರೊಟ್ಟಿ ಬಡಿಯುತ್ತ ನಿಟ್ಟುಸಿರು ಬಿಟ್ಟಳು.

"ಏನರ ಆಗ್ಲಿ, ಒಂದ ದಾರಿ ಆತು. ಕಲಿಯೂ ಹುಡುಗೀದು ನಡುವ ನಿಂತಿತಂದ್ರ ಕರಳ ಚುರ್ ಅಂತೈತಿ ನೋಡ."

"ನಂದೂ ನಡುವ ನಿಂತೈತಿ, ಅವ್ವಾ."

ಅವ್ವ ತಲೆಯೆತ್ತಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

"ನಿಂದೆಲ್ಲಿ ನಿಂತಿತ? ನೀನs ಒಲ್ಲೆ ಅಂತ ಬಿಟ್ಟೆಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಈ ಎರಡು ವರ್ಷಗಳಲ್ಲಿ ಹಾಗೆಂದೇ ನಂಬಿಬಿಟ್ಟಿದ್ದಳು. ನಾನು ರೊಟ್ಟಿಯ ಬುಟ್ಟಿ ಹತ್ತಿರ ಎಳೆದುಕೊಂಡೆ. ಕಾಕಾನ ಮಗಳ ಓದು ಮುಚ್ಚಿತೆಂದು ಹೇಳಲು ಪಣಜಿಯಿಂದ ಒಬ್ಬರು ಫೋನಾದರೂ ಮಾಡಿದ್ದರು. ಆ ಫೋನಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.