ಸೇಸಮ್ಮನ ಜೆಂಟ್ಸ್ ಸೈಕಲ್

ಬೆಳಗ್ಗೆ ಐದಕ್ಕೆ ಇನ್ನೂ ನಾಲ್ಕು ನಿಮಿಷ ಇದೆ. ಮೆಲ್ಕಾರಿನ ಹುಡುಗಿಯರ ಹಾಸ್ಟೆಲೊಂದರ ಹಿಂಬಾಗಿಲಿಗೆ ಹಳೆಯ ಸೈಕಲೊಂದು ಕರಕರ ಸದ್ದು ಮಾಡುತ್ತಾ ಬಂದು ನಿಲ್ಲುತ್ತದೆ. ಇಳಿಯುವ ಹೆಂಗಸಿಗೆ ನಲುವತ್ತೇಳು ವರ್ಷ. ಮೈಮೇಲೆ ಮಗಳ ಹಳೆಯ ಚೂಡಿದಾರ, ತಲೆಗೆ ಬಿಗಿದ ಶಾಲು, ಸೊಂಟದಲ್ಲಿ ಅಡುಗೆಮನೆಯ ಕೀಲಿಕೈ. ಬಾಗಿಲು ತೆರೆಯುವ ಮೊದಲು ಅವರು ಎಡಗಡೆಯ ಗೋಡೆಯತ್ತ ಒಮ್ಮೆ ನೋಡುತ್ತಾರೆ. ಅಲ್ಲಿ ನಿಲ್ಲಬೇಕಾದ ಇನ್ನೊಂದು ಸೈಕಲ್ ಇನ್ನೂ ಬಂದಿಲ್ಲ. ಅದು ಬಂದಿಲ್ಲ ಎಂಬುದೇ ಅವರಿಗೆ ಒಂದು ಖುಷಿ, ಆ ಖುಷಿಯನ್ನು ಅವರು ಮುಚ್ಚಿಡುವುದೂ ಇಲ್ಲ.

ಇವರು ನರಿಕೊಂಬುವಿನ ಸೇಸಮ್ಮ. ಹಾಸ್ಟೆಲಿನ ಮುಖ್ಯ ಅಡುಗೆಯವರು. ಒಳಗೆ ಹೋದವರೇ ಶಾಲು ಬಿಚ್ಚಿ ಗ್ಯಾಸ್ ಒಲೆ ಹಚ್ಚುತ್ತಾರೆ, ಇಡ್ಲಿ ಬೇಯಿಸುವ ಪಾತ್ರೆಯಾದ ಅಟ್ಟಕ್ಕೆ ನೀರು ತುಂಬುತ್ತಾರೆ, ಹಿಂದಿನ ಸಂಜೆ ಕಡೆದಿಟ್ಟ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡುತ್ತಾರೆ. ಹಾಸ್ಟೆಲಿನಲ್ಲಿ ನೂರ ಎಪ್ಪತ್ತೆರಡು ಹುಡುಗಿಯರಿದ್ದಾರೆ. ತಲೆಗೆ ಮೂರರಂತೆ ಐನೂರ ಹದಿನಾರು ಇಡ್ಲಿ ಏಳು ಗಂಟೆಯೊಳಗೆ ಆಗಬೇಕು. ಚಟ್ನಿಗೆ ಹದಿನಾರು ತೆಂಗಿನಕಾಯಿ. ಅದು ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಕುಚ್ಚಲಕ್ಕಿ ಅನ್ನಕ್ಕೆ ಎಸರು ಇಡುವ ಹೊತ್ತಾಗುತ್ತದೆ. ಇಷ್ಟನ್ನೂ ಅವರು ಬೆರಳು ಮಡಚದೆ, ಕೈಕೆಲಸ ನಿಲ್ಲಿಸದೆ ನನಗೆ ಹೇಳಿದರು.

ಪೇಪರಿಗೆ ಬರೆಯಲೆಂದು ಎಲೆಮರೆಯ ಕಾಯಿಗಳನ್ನು ಹುಡುಕಿಕೊಂಡು ಹೋಗುವ ನನ್ನಂಥವರಿಗೆ ಒಂದು ಕೆಟ್ಟ ಅಭ್ಯಾಸವಿದೆ. ಕಷ್ಟಪಟ್ಟವರೆಲ್ಲ ಸಾಧುಗಳಾಗಿರಬೇಕು, ಯಾರ ಮೇಲೂ ಅವರಿಗೆ ಬೇಸರ ಇರಬಾರದು ಎಂದು ನಾವು ಮೊದಲೇ ಲೆಕ್ಕ ಹಾಕಿಕೊಂಡು ಹೋಗಿರುತ್ತೇವೆ. ಸೇಸಮ್ಮ ಆ ಲೆಕ್ಕಕ್ಕೆ ಸಿಗುವವರಲ್ಲ. ಈ ಅಡುಗೆಮನೆಗೆ ಬಂದ ಕೂಡಲೇ ಮನಸ್ಸಿಗೆ ಏನು ಬರುತ್ತದೆ ಎಂದು ಕೇಳಿದೆ. ಅನ್ನಪೂರ್ಣೆಯ ಹೆಸರನ್ನೋ, ಹಸಿದ ಮಕ್ಕಳ ಮುಖವನ್ನೋ ಹೇಳುತ್ತಾರೆ ಎಂದು ಪೆನ್ನು ಹಿಡಿದು ಕಾದಿದ್ದೆ.

“ಹೊಟ್ಟೆಕಿಚ್ಚು ಬರ್ತದೆ ಅಕ್ಕ. ಸುಳ್ಳು ಯಾಕೆ ಹೇಳುವುದು? ಆ ಸುರಕ್ಷಾಳ ಹಸಿರು ಸೈಕಲ್ ಕಂಡರೆ ನನಗೆ ಈಗಲೂ ಹೊಟ್ಟೆ ಉರಿತದೆ” ಎಂದರು.

ಸುರಕ್ಷಾ ಇಲ್ಲಿನ ಇನ್ನೊಬ್ಬ ಅಡುಗೆಯಾಕೆ. ಇಪ್ಪತ್ತಾರು ವರ್ಷ, ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿದೆ. ಸೇಸಮ್ಮ ಸೇರಿ ಒಂಬತ್ತು ವರ್ಷ. ಅದರಲ್ಲಿ ಮೊದಲ ಆರು ವರ್ಷ ಪಾತ್ರೆ ತಿಕ್ಕುವುದರಲ್ಲೇ ಕಳೆದಿದೆ. ಅಷ್ಟೂ ಕಾಲ ಅಡುಗೆಮನೆಯನ್ನು ಆಳಿದವರು ಬೀಯಮ್ಮ ಎಂಬ ಹಿರಿಯ ಹೆಂಗಸು. ಕಳೆದ ಅಕ್ಟೋಬರ್‌ನಲ್ಲಿ ಮಂಡಿನೋವು ಜೋರಾಗಿ, ನವೆಂಬರ್ ಮುಗಿದ ಮೇಲೆ ತಾನು ಬರುವುದಿಲ್ಲ ಎಂದು ಬೀಯಮ್ಮ ಹೇಳಿಬಿಟ್ಟರು. ವಾರ್ಡನ್ ಇಬ್ಬರನ್ನೂ ಕರೆದು ಒಂದು ಷರತ್ತು ಹಾಕಿದರು. ನವೆಂಬರ್ ತಿಂಗಳಿಡೀ ಯಾರು ತಪ್ಪದೆ ಐದು ಗಂಟೆಗೆ ಬಂದು ಒಲೆ ಹಚ್ಚುತ್ತಾರೋ ಅವರಿಗೆ ಕೀಲಿಕೈ, ಅದರ ಜೊತೆಗೆ ತಿಂಗಳಿಗೆ ಮೂರೂವರೆ ಸಾವಿರ ಹೆಚ್ಚು. ಒಂಬತ್ತು ವರ್ಷ ದುಡಿದವರನ್ನೂ ನಿನ್ನೆ ಬಂದವರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದ್ದು ನ್ಯಾಯವೇ ಎಂದು ಕೇಳಬೇಕಾದವಳು ನಾನೇ. ಸೇಸಮ್ಮ ಕೇಳಲಿಲ್ಲ, ಅವರಿಗೆ ಬಸ್ಸಿನ ಚಿಂತೆ ಹತ್ತಿತು.

ನರಿಕೊಂಬುವಿನ ಅವರ ಮನೆಯಿಂದ ಹಾಸ್ಟೆಲಿಗೆ ಐದು ಕಿಲೋಮೀಟರ್. ಮೊದಲ ಬಸ್ಸು ಆರೂ ಇಪ್ಪತ್ತಕ್ಕೆ. ದಿನಾ ಆಟೋ ಹಿಡಿದರೆ ಹೆಚ್ಚಿಗೆ ಬರುವ ದುಡ್ಡು ಆಟೋದವನಿಗೇ ಸರಿ. ಗಂಡ ರುಕ್ಮಯ್ಯ ಕಲ್ಲು ಕಟ್ಟುವ ಕೆಲಸದವರು. ಅವರ ಬೈಕ್ ಮಾರಿ ಎರಡು ವರ್ಷವಾಗಿತ್ತು. ಹಾಗಾಗಿ ಸೇಸಮ್ಮನಿಗೆ ಹಳೆಯ ಸೈಕಲ್ ಹುಡುಕದೆ ಬೇರೆ ದಾರಿ ಇರಲಿಲ್ಲ. ಸಣ್ಣವರಿರುವಾಗ ಅಣ್ಣನ ಸೈಕಲಿನ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯಲು ಕಲಿತಿದ್ದರಂತೆ. ಅದಾಗಿ ಮೂವತ್ತು ವರ್ಷ ಪೆಡಲಿಗೆ ಕಾಲಿಟ್ಟಿರಲಿಲ್ಲ.

ಮೆಲ್ಕಾರಿನಲ್ಲಿ ಎಲ್ಲರೂ ಉಸ್ಮಾನಾಕ ಎಂದು ಕರೆಯುವ ಉಸ್ಮಾನ್ ಅವರ ಹಳೆ ಸೈಕಲ್ ಅಂಗಡಿ ಇದೆ. ಮೂಡುಬಿದಿರೆ, ಬೆಳ್ತಂಗಡಿ ಕಡೆಯ ಮನೆಗಳಲ್ಲಿ ಮಕ್ಕಳು ಕಾಲೇಜಿಗೆ ಹೋದ ಮೇಲೆ ಮೂಲೆ ಸೇರಿದ ಸೈಕಲ್‌ಗಳನ್ನು ತಂದು, ಚೈನು, ಬ್ರೇಕು ಸರಿಮಾಡಿ ಮಾರುತ್ತಾರೆ. ಮುಂಗಡ ತೆಗೆದುಕೊಳ್ಳುವ ಪದ್ಧತಿ ಇಲ್ಲ. ಒಂದು ಸೈಕಲ್ ಇಷ್ಟವಾಗಿ ಮಾತು ಮುಗಿದರೆ, ಹರಿದ ಬೈರಾಸಿನಿಂದ, ಅಂದರೆ ಮೈ ಒರೆಸುವ ಬಟ್ಟೆಯಿಂದ, ಒಂದು ಚೂರು ಕಿತ್ತು ಗಿರಾಕಿಯ ಕೈಗೆ ಕೊಡುತ್ತಾರೆ. ಆ ಬಟ್ಟೆಯನ್ನು ಗಿರಾಕಿಯೇ ಹ್ಯಾಂಡಲಿಗೆ ಕಟ್ಟಬೇಕು. ಕಟ್ಟಿದ ಸೈಕಲನ್ನು ಹದಿನೈದು ದಿನ ಬೇರೆ ಯಾರೂ ಮುಟ್ಟುವುದಿಲ್ಲ.

ಸೇಸಮ್ಮನ ಕಣ್ಣಿಗೆ ಬಿದ್ದದ್ದು ಒಂದು ಹಸಿರು ಲೇಡೀಸ್ ಸೈಕಲ್. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಬೆಲೆ ಎರಡು ಸಾವಿರದ ಇನ್ನೂರು. ಸಂಬಳವಾದ ಮೇಲೆ ಕೊಂಡುಹೋಗುತ್ತೇನೆ ಎಂದರು, ಉಸ್ಮಾನಾಕ ಒಪ್ಪಿ ಬೈರಾಸಿನ ಚೂರು ಕೊಟ್ಟರು. ಅದು ಆಯುಧ ಪೂಜೆಯ ಹಿಂದಿನ ದಿನ. ಹುಟ್ಟಿದ ಮೇಲೆ ಮೊದಲ ಬಾರಿಗೆ ತನ್ನದೆಂದು ಒಂದು ಗಾಡಿ ಮಾಡುತ್ತಿರುವಾಗ, ಅದೂ ಹಬ್ಬದ ಹೊತ್ತಿನಲ್ಲಿ, ಹರಿದ ಬಟ್ಟೆ ಕಟ್ಟುವುದು ಸೇಸಮ್ಮನಿಗೆ ಸರಿಕಾಣಲಿಲ್ಲ. ಚೂರನ್ನು ಚೀಲಕ್ಕೆ ಹಾಕಿ, ತಲೆಯಲ್ಲಿದ್ದ ಅಬ್ಬಲಿಗೆ ಮಾಲೆಯನ್ನು ಹ್ಯಾಂಡಲಿಗೆ ಸುತ್ತಿ ಮನೆಗೆ ಹೋದರು.

ಮರುದಿನ ಪಕ್ಕದ ಟಯರ್ ಅಂಗಡಿಯ ಧನರಾಜ್, ಪ್ರತಿವರ್ಷದಂತೆ, ತನ್ನ ಅಂಗಡಿಯ ಪೂಜೆ ಮುಗಿಸಿ ಉಸ್ಮಾನಾಕನ ಹದಿನಾಲ್ಕು ಸೈಕಲ್‌ಗಳಿಗೂ ಹೂ ಮುಡಿಸಿದ. ಆ ಮೇಲೆ ಯಾವ ಹೂವು ಯಾರದ್ದೆಂದು ಯಾರಿಗೆ ಗೊತ್ತಾಗಬೇಕು? ಅದೇ ವಾರದ ಶುಕ್ರವಾರ ಉಸ್ಮಾನಾಕ ಮಸೀದಿಗೆ ಹೋದಾಗ ಎಂದಿನಂತೆ ಧನರಾಜ್ ಅಂಗಡಿ ನೋಡಿಕೊಳ್ಳುತ್ತಿದ್ದ. ಆಗ ಬಂದ ಒಬ್ಬ ಹುಡುಗಿ ಹಸಿರು ಸೈಕಲ್ ಬೇಕೆಂದಳು. ಧನರಾಜ್ ಬೈರಾಸಿನ ಚೂರು ಇದೆಯೇ ಎಂದು ನೋಡಿದ, ಇರಲಿಲ್ಲ. ಹಣ ಎಣಿಸಿಕೊಂಡು ಕೊಟ್ಟುಬಿಟ್ಟ.

ಆ ಹುಡುಗಿಯೇ ಸುರಕ್ಷಾ. ಅವಳಿಗೆ ಆ ಸೈಕಲ್ ಅಲ್ಲಿರುವುದು ಹೇಗೆ ಗೊತ್ತಾಯಿತು ಎಂದರೆ, ಸೇಸಮ್ಮನೇ ತೆಂಗಿನಕಾಯಿ ತುರಿಯುತ್ತಾ ದಿನಾ ಅದರ ಬುಟ್ಟಿಯನ್ನೂ ಬಣ್ಣವನ್ನೂ ಹೊಗಳಿದ್ದರು. ಸುರಕ್ಷಾಳನ್ನು ನಾನು ಪ್ರತ್ಯೇಕವಾಗಿ ಮಾತಾಡಿಸಿದೆ. ಸೇಸಕ್ಕ ಮಾತು ಮುಗಿಸಿದ್ದು ನನಗೆ ತಿಳಿದಿರಲಿಲ್ಲ, ಬರೀ ನೋಡಿ ಬಂದಿದ್ದಾರೆ ಎಂದುಕೊಂಡಿದ್ದೆ ಎನ್ನುತ್ತಾಳೆ. ಕೇಳಿಕೊಂಡು ಹೋಗಬಹುದಿತ್ತಲ್ಲ ಎಂದರೆ ತಲೆ ತಗ್ಗಿಸುತ್ತಾಳೆ. ಕೀಲಿಕೈ ಅವಳಿಗೂ ಬೇಕಿತ್ತು.

ತಪ್ಪು ತನ್ನ ಅಂಗಡಿಯಲ್ಲಿ ಆಯಿತೆಂದು ಉಸ್ಮಾನಾಕ ಬಹಳ ನೊಂದುಕೊಂಡರು. ಬೈರಾಸಿನ ಚೂರು ಕಟ್ಟದೇ ಇದ್ದದ್ದಕ್ಕೆ ಸೇಸಮ್ಮನಿಗೂ ನಾಲ್ಕು ಮಾತು ಹೇಳಿದರು. ಉಳಿದವುಗಳಲ್ಲಿ ಸೇಸಮ್ಮನ ಕೈಗೆಟಕುವಂಥದ್ದು ಒಂದೇ, ಬಾರ್ ಇರುವ ಕಪ್ಪು ಜೆಂಟ್ಸ್ ಸೈಕಲ್. ಉಸ್ಮಾನಾಕ ಸಾವಿರ ರೂಪಾಯಿಗೆ ಕೊಟ್ಟು, ಸೀಟನ್ನು ಆದಷ್ಟು ಕೆಳಗಿಳಿಸಿ, ಟಯರ್ ಹೊಸತು ಹಾಕಿದರು. ಸೀರೆ ಉಟ್ಟು ಅದನ್ನು ಹತ್ತಲು ಆಗುವುದಿಲ್ಲ. ಮಗಳು ತೃಷಾಳ ಚೂಡಿದಾರ ಹಾಕಿಕೊಂಡು ಸೇಸಮ್ಮ ಮೊದಲ ದಿನ ಹೊರಟಾಗ ಹಾಲಿನ ಡಿಪೋದ ಎದುರು ನಿಂತವರೆಲ್ಲ ನಕ್ಕರಂತೆ. ಅವರ ನಗೆ ನಾಟಲಿಲ್ಲ. ಹಾಸ್ಟೆಲ್ ತಲುಪಿದಾಗ ಗೋಡೆಗೆ ಒರಗಿ ನಿಂತಿದ್ದ ಹಸಿರು ಸೈಕಲ್ ನಾಟಿತು.

“ಅದರ ಬುಟ್ಟಿಯಲ್ಲಿ ಅವಳು ಟಿಫಿನ್ ಇಟ್ಟು ತರ್ತಾಳೆ. ನಾನು ಹ್ಯಾಂಡಲಿಗೆ ಚೀಲ ನೇತುಹಾಕಿ ತರ್ತೇನೆ, ಅದು ಮೊಣಕಾಲಿಗೆ ಬಡೀತದೆ. ಒಮ್ಮೆ ಯಾರೂ ಇಲ್ಲದಾಗ ಅದರ ಬೆಲ್ ಒತ್ತಿ ನೋಡಿದೆ. ಎಷ್ಟು ಚಂದದ ಸ್ವರ ಗೊತ್ತುಂಟಾ?” ಎಂದರು ಸೇಸಮ್ಮ. ಆ ಮಾತನ್ನು ಅವರು ಬೈಯುವ ಧಾಟಿಯಲ್ಲೇ ಹೇಳಿದರು.

ಇಲ್ಲಿ ನನ್ನ ಹೊಟ್ಟೆಕಿಚ್ಚನ್ನೂ ಹೇಳಿಬಿಡಬೇಕು. ಪುತ್ತಿಗೆಯ ನಮ್ಮ ಮನೆಯ ಜಗಲಿಯಲ್ಲಿ ಇಪ್ಪತ್ತೆಂಟು ಸಾವಿರದ ಗೇರ್ ಸೈಕಲ್ ಇದೆ. ಆಫೀಸಿಗೆ ಸೈಕಲಲ್ಲೇ ಹೋಗುತ್ತೇನೆಂದು ಶಪಥ ಮಾಡಿ ಕೊಂಡದ್ದು. ನಾಲ್ಕು ದಿನ ಹೋದೆ. ಈಗ ಅದರ ಹ್ಯಾಂಡಲಿನಲ್ಲಿ ಒದ್ದೆ ಟವೆಲ್ ಒಣಗುತ್ತದೆ. ಸೇಸಮ್ಮನನ್ನು ನೋಡಲು ನಾನು ಹೋದದ್ದೂ ಕಾರಿನಲ್ಲಿ. ಸಾವಿರ ರೂಪಾಯಿಯ ಸೈಕಲಿನಿಂದ ಏದುಸಿರಿಲ್ಲದೆ ಇಳಿದ ಆ ಹೆಂಗಸಿನ ಕಾಲುಗಳನ್ನು ಕಂಡು ನನಗೆ ಉರಿಯಿತು. ಮನಸ್ಸಿನಲ್ಲಿದ್ದದ್ದನ್ನು ಹಾಗೆಯೇ ಆಡಿಬಿಡುವ ಅವರ ಬಾಯಿಯನ್ನು ಕಂಡು ಇನ್ನೂ ಹೆಚ್ಚು ಉರಿಯಿತು.

ನವೆಂಬರ್ ಶುರುವಾಯಿತು. ಇಬ್ಬರೂ ಒಂದೇ ರಸ್ತೆಯಲ್ಲಿ ಬರುವವರು, ಸುರಕ್ಷಾಳ ಮನೆ ಎರಡು ಕಿಲೋಮೀಟರ್ ಹತ್ತಿರ. ಒಂದು ದಿನ ಇವರು ಎರಡು ನಿಮಿಷ ಮೊದಲು, ಇನ್ನೊಂದು ದಿನ ಅವಳು. ಬೀಯಮ್ಮ ಇಬ್ಬರ ಹೆಸರಿನ ಮುಂದೆಯೂ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾ ಹೋದರು. ಇಪ್ಪತ್ತೈದು ದಿನ ಇಬ್ಬರದೂ ಸಮಸಮ. ಅಡುಗೆಮನೆಯಲ್ಲಿ ಉಪ್ಪು ಕೊಡು, ಸೌಟು ಕೊಡು ಎಂಬುದರ ಹೊರತು ಮಾತಿರಲಿಲ್ಲ. ಇಪ್ಪತ್ತಾರನೇ ತಾರೀಕು ಸುರಕ್ಷಾ ಅರ್ಧ ಗಂಟೆ ತಡವಾಗಿ, ಸೈಕಲನ್ನು ತಳ್ಳಿಕೊಂಡು ಬಂದಳು. ಅಲ್ಲಿಗೆ ಪಂದ್ಯ ಮುಗಿಯಿತು. ತಿಂಗಳ ಕೊನೆಗೆ ಬೀಯಮ್ಮ ಕೀಲಿಕೈಯನ್ನು ಸೇಸಮ್ಮನ ಅಂಗೈಯಲ್ಲಿಟ್ಟರು.

ಆ ದಿನದ ಬಗ್ಗೆ ಸುರಕ್ಷಾ ಹೇಳುವುದು ಇಷ್ಟು. ಹೆದ್ದಾರಿ ಸೇರುವ ಮೊದಲಿನ ಏರಿನಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು. ಮಂಜು ಮುಸುಕಿತ್ತು, ಇನ್ನೂ ಬೆಳಕು ಹರಿದಿರಲಿಲ್ಲ. ಹಿಂದಿನಿಂದ ಸೈಕಲೊಂದು ಬರುವ ಸದ್ದು ಕೇಳಿ, ಸ್ವಲ್ಪ ನಿಲ್ಲಿಸಿ ಎಂದು ಕೂಗಿದಳು. ಅದು ನಿಲ್ಲಲಿಲ್ಲ. ಯಾರೆಂದು ಕಾಣಲಿಲ್ಲ ಎನ್ನುತ್ತಾಳೆ.

ಇದನ್ನು ಸೇಸಮ್ಮನ ಎದುರು ಎತ್ತಿದಾಗ ಅವರು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. ಬೆಳಗ್ಗಿನಿಂದ ಅವರ ಕೈ ಖಾಲಿಯಾದದ್ದನ್ನು ನಾನು ನೋಡಿದ್ದು ಆಗಲೇ.

“ಅದು ನಾನೇ ಅಕ್ಕ. ಸ್ವರ ಗೊತ್ತಾಯ್ತು. ಬ್ರೇಕ್ ಹಿಡಿದೆ. ನನ್ನ ಕ್ಯಾರಿಯರಲ್ಲಿ ಕೂರಿಸಿಕೊಂಡು ಬಂದಿದ್ದರೆ ಇಬ್ಬರೂ ಐದಕ್ಕೆ ಮುಟ್ಟುತ್ತಿದ್ದೆವು. ಮತ್ತೆ ನನ್ನ ಟಾರ್ಚಿನ ಬೆಳಕಲ್ಲಿ ಆ ಹಸಿರು ಬಣ್ಣ ಕಣ್ಣಿಗೆ ಬಿತ್ತು. ಬ್ರೇಕ್ ಬಿಟ್ಟೆ.”

ಅಷ್ಟರಲ್ಲಿ ಇಡ್ಲಿ ಅಟ್ಟದಿಂದ ಹಬೆ ಏಳುತ್ತಿತ್ತು. ಅವರು ಮುಚ್ಚಳ ತೆಗೆದು ಇಡ್ಲಿಗೆ ಬೆರಳು ಒತ್ತಿ ನೋಡಿ ಮತ್ತೆ ಮುಚ್ಚಿದರು. ಕೀಲಿಕೈ ಸಿಕ್ಕಿದ ಮೇಲೆ ಮೊದಲ ತಿಂಗಳು ಹೆಚ್ಚಿಗೆ ಬಂದ ದುಡ್ಡಿನಲ್ಲಿ ಮಗಳ ಫೀಸು ಕಟ್ಟಿದೆ ಎಂದರು. ಸುರಕ್ಷಾಳಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದಾರಂತೆ. ಪ್ರತಿಸಲವೂ ಅವಳು ಸೇಸಕ್ಕ ಎಂದು ಕರೆದುಬಿಡುತ್ತಾಳೆ, ಇವರು ಉಪ್ಪಿನ ಡಬ್ಬಿ ಕೇಳುತ್ತಾರೆ.

ಹೊರಡುವಾಗ, ಈ ಸಂಗತಿಯನ್ನು ಲೇಖನದಿಂದ ಬಿಟ್ಟುಬಿಡುತ್ತೇನೆ, ಚಿಂತೆ ಬೇಡ ಎಂದೆ. ಸೇಸಮ್ಮ ಬಾಗಿಲವರೆಗೆ ಬಂದು ನನ್ನನ್ನು ತಡೆದರು.

“ಇಡ್ಲಿ ಎಷ್ಟು, ಕಾಯಿ ಎಷ್ಟು ಅಂತ ಬೇಕಾದರೆ ಬಿಡಿ. ಇದನ್ನು ಬಿಡಬೇಡಿ. ಹಾಸ್ಟೆಲಿಗೆ ಬರುವ ಪೇಪರನ್ನು ಮೊದಲು ಬಿಡಿಸುವುದು ಅವಳೇ. ನಿಲ್ಲಿಸದೆ ಹೋದವಳು ಸೇಸಕ್ಕ ಅಂತ ಅವಳು ಓದಲಿ, ಬೈಯಲಿ, ನಾನು ಕೇಳ್ತೇನೆ.” ಮತ್ತೆ ಸೊಂಟಕ್ಕೆ ಕೈಹಾಕಿಕೊಂಡು ಹೇಳಿದರು: “ಆದರೆ ಕೀಲಿಕೈ ಮಾತ್ರ ನಾನು ಕೊಡುವುದಿಲ್ಲ. ಅದನ್ನೂ ಬರೆಯಿರಿ.”