ತೇಗದ ಹೊಸ್ತಿಲು

ತಾಂಬರಂನಿಂದ ರೈಲಿನಲ್ಲಿ ಪೂಜೆಗೆ ಬಂದ ಅಕ್ಕ ನಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಚೆನ್ನೈಯ ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟ್ ರಿಪೇರಿ ಮಾಡಿಸುವಾಗ, ಊರಿನ ಮನೆಗಳಲ್ಲಿ ಇರುವಂತೆ ಎತ್ತರದ ತೇಗದ ಹೊಸ್ತಿಲು ಹಾಕಿಸಿದ್ದೆ. ಚಿಕ್ಕಂದಿನಲ್ಲಿ ಪೋಲಿಯೊ ಬಡಿದ ಅವಳ ಎಡಗಾಲು ಅಷ್ಟು ಮೇಲೆ ಏಳುವುದಿಲ್ಲ ಎಂಬುದು ನನಗೆ ನೆನಪೇ ಆಗಿರಲಿಲ್ಲ.

"ಮೆಟ್ಟಿಕೊಂಡೇ ಬಾ ಅಕ್ಕ," ಎಂದೆ.

"ಅರಸಿನ ಕುಂಕುಮ ಹಚ್ಚಿದ ಹೊಸ್ತಿಲು ಮೆಟ್ಟುದಾ? ನಿಂಗೆ ಮಂಡೆ ಸಮ ಇಲ್ವಾ ಮಾರಾಯ?" ಎಂದು ನಕ್ಕಳು.

ಒಳಗೆ ನೆಂಟರು ತುಂಬಿದ್ದರು. ಅವರೆದುರು ಅವಳನ್ನು ಎತ್ತಿಕೊಂಡು ಬರಲು ನನಗೆ ನಾಚಿಕೆಯಾಯಿತು. ಹೊರಗೇ ಕುರ್ಚಿ ಹಾಕಿಕೊಟ್ಟೆ. ಅಕ್ಕ ಚಪ್ಪಲಿಗಳ ಪಕ್ಕದಲ್ಲಿ ಕೂತು ಪಾಯಸ ಕುಡಿದು ಹೋದಳು.

ಮರುದಿನ ಆಚಾರಿಯನ್ನು ಕರೆಸಿ ಹೊಸ್ತಿಲು ಕೀಳಿಸಿದೆ. ಈಗ ಬಾಗಿಲ ಕೆಳಗಿನ ಸಂದಿಯಿಂದ ಜಿರಳೆಗಳು ಬರುತ್ತವೆ. ಅಕ್ಕ ಇನ್ನೂ ಬಂದಿಲ್ಲ.